ಹೆಜ್ಜೆಯೂ ಲೋಪ್ತ್ರವೂ: ನಷ್ಟವಸ್ತುವಿನ ಅನ್ವೇಷಣಕ್ರಮದ ಚರಿತ್ರೆ

೧

ಕಳವಾದ ಒಡವೆಯನ್ನು ಹುಡುಕಿಸಿ ಒಡೆಯನಿಗೆ ಒಪ್ಪಿಸುವುದು ಅರಸನ ಕರ್ತವ್ಯಗಳಲ್ಲೊಂದೆಂದು ಭಾರತದ ಧರ್ಮಶಾಸ್ತ್ರಕಾರರು ವಿಧಿಸಿರುವರು. ಗೌತಮಧರ್ಮಸೂತ್ರದಲ್ಲಿ ಈ ವಿಧಿಯು ಬಹು ಕಟ್ಟುನಿಟ್ಟಾಗಿದೆ. ಕಳ್ಳರು ಒಯ್ದ ದ್ರವ್ಯವನ್ನು ಅರಸನು ಗೆದ್ದು ತಂದು ಅದು ಇದ್ದೆಡೆಗೆ ಸೇರಿಸತಕ್ಕದ್ದು. ಆಗದಿದ್ದರೆ ತನ್ನ ಬೊಕ್ಕಸದಿಂದ ತೆರತಕ್ಕದ್ದು. ಚೋರಹೃತವಾದ ದ್ರವ್ಯವನ್ನು ಅರಸನು ಪ್ರಜೆಗೆ ಕೊಡಲೇಬೇಕೆಂಬುದು ಯಾಜ್ಞವಲ್ಕ್ಯನಿಗೂ ಸಮ್ಮತವಾದುದೇ. ಹೊಣೆಯು ಇಷ್ಟು ಭಾರವಾಗಿದ್ದುದರಿಂದಲೇ ಹುಡುಕುವ ಉಪಾಯಗಳನ್ನೂ ಆ ಗ್ರಂಥಕಾರರು ಕೂಲಂಕಷವಾಗಿ ವಿಚಾರಿಸಬೇಕಾಯಿತು.

ಆ ಉಪಾಯಗಳಲ್ಲಿ ಮುಖ್ಯವಾದುವು ಎರಡು. ಕಳ್ಳನನ್ನು ಹಿಡಿಯುವ ಅಧಿಕಾರಿಗಳು ಅವನನ್ನು ಲೋಪ್ತ್ರದಿಂದಾಗಲಿ ಪದದಿಂದಾಗಲಿ ಹಿಡಿಯುವರೆಂದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಹೇಳಿದೆ. ಲೋಪ್ತ್ರವೆಂದರೆ ಕದ್ದ ಮಾಲು; ಪದವೆಂದರೆ ಹೆಜ್ಜೆಯ ಗುರುತು. ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾವ್ಯಾಖ್ಯಾನದ ಮೂಲಕ ಈ ವಿಧಿಗಳು ಭಾರತದ ಬಹುಭಾಗದಲ್ಲಿ ಪ್ರಮಾಣವಾದುವು. ಕನ್ನಡ ನಾಡಿನ ರಾಜಧಾನಿಯೊಂದರಲ್ಲಿ ಹುಟ್ಟಿದ ಆ ಗ್ರಂಥದ ಹಿರಿಮೆಯು ವಿದ್ವಾಂಸರಿಗೆ ವಿದಿತವಾದುದೇ.

ಲೋಪ್ತ್ರ, ಪದ ಎಂಬ ಇವೆರಡೂ ಬಹುಕಾಲ ಬೇರೆಬೇರೆಯಾದ ಸಾಧನಗಳಾಗಿದ್ದುವು. ಹೆಜ್ಜೆಯನ್ನು ಬಿಡುತ್ತಿದ್ದವನು ಕಳ್ಳನು. ಮಾಲು ತಾನು ಯಾವ ಹೆಜ್ಜೆಯನ್ನೂ ಬಿಡದೆ ಮೂಕವಾಗಿ ಅವನೊಡನೆ ಹೋಗುತ್ತಿದ್ದಿತು. ಈಚಿನ ಸುಮಾರು ನೂರೈವತ್ತು ವರ್ಷಗಳಲ್ಲಿ ಹುಟ್ಟಿದ ಯಂತ್ರಗಳು ಈ ಭೇದವನ್ನು ಕ್ರಮಕ್ರಮವಾಗಿ ಅಳಿಸಿಹಾಕಿದುವು. ಇಂದಿನ ಮೊಬೈಲು ದೂರವಾಣಿಯು ಕಳವಾದರೆ ಹೆಜ್ಜೆಯನ್ನು ಬಿಡುವುದು ಲೋಪ್ತ್ರವೇ. ತಾನು ಎಲ್ಲಿರುವೆನೆಂಬುದನ್ನು ತನ್ನೊಳಗಣ ಸಂವೇದಕಗಳಿಂದ ಅರಿತು ಅದು ತಾನಾಗಿಯೇ ಒಡೆಯನಿಗೆ ತಿಳಿಸುತ್ತದೆ. ಆದರೆ ಹೆಜ್ಜೆಯು ಎಷ್ಟನ್ನು ಸ್ಥಾಪಿಸುತ್ತದೆ, ಮಾಲು ದೊರೆತ ಮನೆಯವನು ಕಳ್ಳನೇ ಎಂದು ಹಿಂದಿನವರು ಕೇಳಿದ ಪ್ರಶ್ನೆಗಳು ಇದರಿಂದ ತೀರಿಹೋದುವೆಂದು ಹೇಳಲಾಗದು. ಆ ಪ್ರಶ್ನೆಗಳು ಹೊಸ ಕಾಲದಲ್ಲಿ ಹೇಗೆ ಮತ್ತೆ ಎದ್ದುವೆಂಬುದನ್ನು ಈ ಚರಿತ್ರೆಯಿಂದ ತಿಳಿಯಬಹುದು.

೨

ಮೊದಲು ಹೆಜ್ಜೆಯ ವಿಷಯ. ಗ್ರಾಮದೊಳಗೆ ಕಳವಾಗಿ, ಕಳ್ಳನ ಹೆಜ್ಜೆಯು ಊರಿನಿಂದ ಹೊರಟುದು ಕಾಣದಿದ್ದರೆ ದೋಷವು ಗ್ರಾಮಾಧಿಪತಿಯದೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಹುಲ್ಲುಗಾವಲಿನಲ್ಲಾದರೆ ಅದರ ಪಾಲಕನು ಹೊಣೆ. ಬೇರೆಡೆಯ ದಾರಿಯಲ್ಲಾದರೆ ಕಳ್ಳರನ್ನು ಹಿಡಿಯಲು ನೇಮಕವಾದವನು ಹೊಣೆ. ತನ್ನ ಎಲ್ಲೆಯೊಳಗೆ ಕಳವಾದರೆ ಆ ಗ್ರಾಮವೇ ತೆರಬೇಕು. ಇಲ್ಲವೆ ಹೆಜ್ಜೆಯು ಯಾವ ಗ್ರಾಮವನ್ನು ಹೊಕ್ಕಿತೋ ಆ ಗ್ರಾಮವು ತೆರಬೇಕು. ಊರಿಂದ ಒಂದು ಕ್ರೋಶಕ್ಕೆ ಹೊರಗೆ ನಡೆದ ಕಳವಿಗೆ ಸುತ್ತಣ ಐದು ಗ್ರಾಮಗಳೋ ಹತ್ತು ಗ್ರಾಮಗಳೋ ಕೂಡಿ ಹೊಣೆಯಾಗಬೇಕು.

ಈ ವಿಧಿಯಲ್ಲಿ ಗಮನಿಸತಕ್ಕ ಒಂದು ವಿವೇಕವುಂಟು. ಹೆಜ್ಜೆಯ ಗುರುತು ಸಾಮಾನ್ಯವಾಗಿ ಒಂದು ಪ್ರದೇಶವನ್ನು ತೋರಿಸುವುದೇ ಹೊರತು ಒಬ್ಬ ಮನುಷ್ಯನನ್ನು ತೋರಿಸುವುದಿಲ್ಲ. ಆದುದರಿಂದ ಹೆಜ್ಜೆಯೊಂದನ್ನೇ ನೆಚ್ಚಿ ಹೊರಿಸಿದ ಹೊಣೆಯೂ ಪ್ರದೇಶಕ್ಕೆ ಸೇರಿದ್ದು. ಅದೂ ದ್ರವ್ಯವನ್ನು ತೆರುವ ಹೊಣೆಯೇ ಹೊರತು ದೇಹದಂಡನೆಯಲ್ಲ. ಗುರುತು ಎಷ್ಟು ಸ್ಥೂಲವೋ ಅದರಿಂದ ಬರುವ ಹೊಣೆಯೂ ಅಷ್ಟೇ ಸ್ಥೂಲವಾಗಿರಬೇಕೆಂಬ ತತ್ತ್ವವು ಇಲ್ಲಿ ಅಡಗಿದೆ. ಊರನ್ನು ಮುಟ್ಟಿ ನಿಂತ ಹೆಜ್ಜೆಯಿಂದ ಊರಿನಲ್ಲಿರುವ ಯಾವನೋ ಒಬ್ಬನನ್ನು ಶೂಲಕ್ಕೇರಿಸಲು ಶಾಸ್ತ್ರವು ಒಪ್ಪಲಿಲ್ಲ.

ಲೋಪ್ತ್ರದ ವಿಷಯವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇನ್ನೂ ವಿಸ್ತಾರವಾಗಿದೆ. ಬಹುಕಾಲ ಹೆಸರುಮಾತ್ರದಿಂದ ತಿಳಿದಿದ್ದ ಈ ಗ್ರಂಥದ ತಾಳೆಗರಿಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ ೧೯೦೯ರಲ್ಲಿ ಮುದ್ರಿಸಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಕಳೆದುಹೋದುದನ್ನು ಹುಡುಕುವ ವಿಧಿಗಳನ್ನೊಳಗೊಂಡ ಗ್ರಂಥವೇ ಹೀಗೆ ಕಳೆದು ಮತ್ತೆ ದೊರೆತುದು ಒಂದು ಸೋಜಿಗವೇ ಸರಿ.

ಅದರ ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ ಕಳ್ಳರನ್ನು ಹಿಡಿಯಲು ಶಂಕೆ, ರೂಪ, ಕರ್ಮ ಎಂಬ ಮೂರು ಆಧಾರಗಳನ್ನು ಹೇಳಿದೆ. ಇವುಗಳಲ್ಲಿ ರೂಪವೆಂಬುದು ಕಳೆದ ವಸ್ತುವಿನ ಆಕಾರ. ವಸ್ತುವು ಕಳೆದುಹೋಗಿ ಅಥವಾ ಕಳವಾಗಿ ಸಿಕ್ಕದಿದ್ದರೆ ಅಂಥ ಸರಕಿನ ವ್ಯಾಪಾರಿಗಳಿಗೆಲ್ಲ ಅದರ ವಿವರವನ್ನು ತಿಳಿಸಬೇಕು. ತಿಳಿದ ಮೇಲೂ ಅದು ಕೈಗೆ ಬಂದುದನ್ನು ಮರೆಸಿದ ವ್ಯಾಪಾರಿಯು ಕಳವಿಗೆ ನೆರವಾದ ದೋಷಕ್ಕೆ ಗುರಿಯಾಗುವನು. ತಿಳಿಯದೆ ಕೊಂಡವನು ವಸ್ತುವನ್ನು ಒಪ್ಪಿಸಿ ಬಿಡುಗಡೆ ಹೊಂದುವನು. ಹಳೆಯ ವಸ್ತುಗಳನ್ನು ಸಂಸ್ಥಾಧ್ಯಕ್ಷನಿಗೆ ತಿಳಿಸದೆ ಒತ್ತೆಯಿಡುವುದಾಗಲಿ ಮಾರುವುದಾಗಲಿ ಕೂಡದು. ವಸ್ತುವಿನ ಗುರುತನ್ನು ಒಂದೆಡೆ ದಾಖಲುಮಾಡಿ, ಅದು ಪೇಟೆಗೆ ಬಂದ ಕ್ಷಣದಲ್ಲಿ ಸಿಕ್ಕಿಬೀಳುವಂತೆ ಮಾಡುವುದೇ ಈ ಏರ್ಪಾಡಿನ ಮರ್ಮ.

ಆದರೆ ರೂಪವನ್ನು ನಂಬುವುದರಲ್ಲಿರುವ ಅಪಾಯವನ್ನು ಕೌಟಿಲ್ಯನು ಮರೆತಿಲ್ಲ. ಮನುಷ್ಯರಲ್ಲಿಯೂ ಪಶುಗಳಲ್ಲಿಯೂ ಕೂಡ ಒಂದರ ಆಕಾರವೂ ಗುರುತೂ ಮತ್ತೊಂದನ್ನು ಹೋಲುವುದುಂಟು. ಹೀಗಿರಲು ಒಂದೇ ದ್ರವ್ಯದಿಂದ ಒಬ್ಬನೇ ಕುಶಲಿಯು ಮಾಡಿದ ಆಭರಣಗಳೂ ಪಾತ್ರೆಗಳೂ ಒಂದನ್ನೊಂದು ಹೋಲುವುದರಲ್ಲಿ ಏನಾಶ್ಚರ್ಯವೆಂಬುದು ಆತನ ಅಭಿಪ್ರಾಯ. ಮುಂದೆ ಅದೇ ಅಧಿಕರಣದಲ್ಲಿ ಇದಕ್ಕಿಂತಲೂ ಮುಖ್ಯವಾದ ಎಚ್ಚರಿಕೆಯೊಂದಿದೆ. ಕಳ್ಳನಲ್ಲದವನೂ ಅಕಸ್ಮಾತ್ತಾಗಿ ಕಳ್ಳರ ದಾರಿಯಲ್ಲಿ ಕಾಣಿಸಿಕೊಳ್ಳಬಹುದು. ವೇಷ, ಆಯುಧ, ಸರಕುಗಳ ಹೋಲಿಕೆಯಿಂದ ಸಿಕ್ಕಿಬೀಳಬಹುದು. ಕಳವಿನ ಮಾಲಿನ ಬಳಿ ಇದ್ದುದರಿಂದಲೇ ಹಿಡಿಯಲ್ಪಡಬಹುದು. ಇದಕ್ಕೆ ನಿದರ್ಶನ ಮಾಂಡವ್ಯನು. ಆದುದರಿಂದ ಪ್ರಮಾಣಗಳು ಪೂರ್ಣವಾದ ಮೇಲೆಯೇ ದಂಡಿಸತಕ್ಕದ್ದೆಂದು ಕೌಟಿಲ್ಯನು ನಿರ್ಣಯಿಸುತ್ತಾನೆ.

ಮಾಂಡವ್ಯನ ಕಥೆಯು ಮಹಾಭಾರತದ ಆದಿಪರ್ವದಲ್ಲಿ ಪ್ರಸಿದ್ಧವಾಗಿದೆ. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಮಾಲನ್ನಿಟ್ಟು ಅಡಗಿಕೊಂಡರು. ರಾಜಭಟರ ಪ್ರಶ್ನೆಗೆ ಋಷಿಯು ಉತ್ತರ ಕೊಡಲಿಲ್ಲ. ಮಾಲು ಆಶ್ರಮದಲ್ಲಿ ದೊರೆತುದರಿಂದ ಆತನನ್ನೂ ಶೂಲಕ್ಕೇರಿಸಿದರು. ಮಹಾಭಾರತದಲ್ಲಿ ಆತನು ಮೌನದಿಂದ ಕೆಟ್ಟನು. ಅರ್ಥಶಾಸ್ತ್ರದ ಪಾಠದಲ್ಲಿ ಹಿಂಸೆಗಂಜಿ ಕಳ್ಳನೆಂದು ಒಪ್ಪಿಕೊಂಡು ಕೆಟ್ಟನು. ಕಥೆಯ ವಿವರ ಬೇರೆಯಾದರೂ ಪಾಠವೊಂದೇ. ನಾರದಸ್ಮೃತಿಯಲ್ಲಿಯೂ ಇದೇ ಮಾಂಡವ್ಯನನ್ನು ಸ್ಮರಿಸಿದೆ. ಲೋಪ್ತ್ರವು ಇನ್ನೊಬ್ಬರ ಕೈಯಿಂದ ಜಾರಿದ್ದಿರಬಹುದು, ನೆಲದ ಮೇಲೆ ಬಿದ್ದು ಸಿಕ್ಕಿದ್ದಿರಬಹುದು, ಕಳ್ಳನೇ ಎಸೆದು ಹೋದದ್ದಿರಬಹುದು. ಆದುದರಿಂದ ಯತ್ನಪೂರ್ವಕವಾಗಿ ಪರೀಕ್ಷಿಸಬೇಕೆಂಬ ನಾರದನ ಅಭಿಪ್ರಾಯವನ್ನು ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಎತ್ತಿಕೊಂಡಿರುವನು.

೩

ಈ ಪ್ರಾಚೀನ ವಿಧಿಗಳಲ್ಲೆಲ್ಲ ಹುಡುಕುವವನಿಗೆ ನೆರವಾದುವು ಅವನ ಕಣ್ಣು, ಕಿವಿ, ನೆನಪು ಇಷ್ಟೇ. ಕಣ್ಣಿಗೆ ಕಾಣದುದನ್ನು ಯಂತ್ರದ ಇಂದ್ರಿಯದಿಂದ ಪತ್ತೆಮಾಡುವ ಪ್ರಯತ್ನವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ನಡೆಯಿತು. ೧೮೮೧ನೆಯ ಜುಲೈ ೨ರಂದು ಆ ದೇಶದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡನಿಗೆ ಗುಂಡೇಟು ಬಿದ್ದು, ಒಂದು ಗುಂಡು ದೇಹದೊಳಗೆ ಎಲ್ಲಿ ನಿಂತಿತೆಂಬುದು ತಿಳಿಯದಾಯಿತು. ದೂರವಾಣಿಯನ್ನು ನಿರ್ಮಿಸಿ ಆಗಲೇ ಖ್ಯಾತನಾಗಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಲೋಹವು ಹತ್ತಿರವಾದಾಗ ವಿದ್ಯುತ್ಪ್ರವಾಹದ ಸಮತೋಲವು ಕೆಟ್ಟು ಕಿವಿಗೆ ಸದ್ದು ಕೇಳುವಂತಹ ಒಂದು ಯಂತ್ರವನ್ನು ಅಳವಡಿಸಿದನು. ಆ ಜುಲೈ ಕೊನೆಯಲ್ಲಿಯೂ ಆಗಸ್ಟ್ ಮೊದಲಲ್ಲಿಯೂ ಅದನ್ನು ರೋಗಿಯ ಮೇಲೆ ಪರೀಕ್ಷಿಸಿದುದಾಯಿತು, ಗುಂಡು ಸಿಕ್ಕಲಿಲ್ಲ. ಹಾಸಿಗೆಯೊಳಗಣ ಉಕ್ಕಿನ ಸುರುಳಿಗಳು ಯಂತ್ರವನ್ನು ಗಲಿಬಿಲಿಗೊಳಿಸಿದುವು. ಅಲ್ಲದೆ ಮುಖ್ಯ ವೈದ್ಯನು ಗುಂಡು ಬಲಗಡೆಯಲ್ಲಿದೆಯೆಂದು ಮೊದಲೇ ನಿಶ್ಚಯಿಸಿದ್ದುದರಿಂದ ಆ ಕಡೆಯಲ್ಲಿಯೇ ಹುಡುಕಿಸಿದನು. ಸೆಪ್ಟೆಂಬರ್ ೧೯ರಂದು ಅಧ್ಯಕ್ಷನು ತೀರಿಕೊಂಡ ಮೇಲೆ ನೋಡಿದಾಗ ಗುಂಡು ಬೆನ್ನುಮೂಳೆಯ ಎಡಗಡೆಯಲ್ಲಿದ್ದಿತು. ಯಂತ್ರವು ಎಷ್ಟೇ ಸೂಕ್ಷ್ಮವಾಗಿರಲಿ, ಸುತ್ತಣ ಲೋಹವೂ ಹುಡುಕುವವನ ಪೂರ್ವಗ್ರಹವೂ ಅದನ್ನು ಕುರುಡುಮಾಡಬಲ್ಲುವೆಂಬುದು ಈ ವಿದ್ಯೆಯ ಆರಂಭದಲ್ಲಿಯೇ ಸಿದ್ಧವಾಯಿತು.

ಕಳೆದ ವಸ್ತುವು ತಾನಾಗಿ ಯಾವುದಾದರೊಂದು ಕಿರಣವನ್ನು ಹೊರಸೂಸುವುದಾದರೆ ಹುಡುಕುವುದು ಸುಲಭ. ಇದಕ್ಕೆ ಉತ್ತಮ ಉದಾಹರಣೆಯು ೨೦೨೩ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ನಡೆದುದು. ಗಣಿಯೊಂದರಲ್ಲಿ ಬಳಸುತ್ತಿದ್ದ ಅಳತೆಯ ಉಪಕರಣದಿಂದ ಸೀಸಿಯಮ್ ೧೩೭ ಎಂಬ ವಿಕಿರಣದ್ರವ್ಯವುಳ್ಳ ಗುಳಿಗೆಯೊಂದು ಪರ್ತ್ ನಗರಕ್ಕೆ ಸಾಗುವ ದಾರಿಯಲ್ಲಿ ಬಿದ್ದುಹೋಯಿತು. ಗುಳಿಗೆಯ ಉದ್ದ ೮ ಮಿಲಿಮೀಟರು, ಅಗಲ ೬ ಮಿಲಿಮೀಟರು. ದಾರಿಯ ಉದ್ದವಾದರೋ ಸುಮಾರು ೧,೪೦೦ ಕಿಲೋಮೀಟರು. ಗಂಟೆಗೆ ೭೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿದ್ದ ವಾಹನದಲ್ಲಿಟ್ಟ ವಿಕಿರಣಸಂವೇದಕವು ಫೆಬ್ರವರಿ ೧ರಂದು ಅದನ್ನು ರಸ್ತೆಯ ಅಂಚಿನಿಂದ ಎರಡು ಮೀಟರು ದೂರದಲ್ಲಿ ಗುರುತಿಸಿತು. ಕಣ್ಣಿಗೆ ಅಸಾಧ್ಯವಾದುದು ಸಂವೇದಕಕ್ಕೆ ಕೆಲವು ದಿನಗಳ ಕೆಲಸವಾಯಿತು.

ಆದರೆ ಸಾಮಾನ್ಯವಾದ ಒಡವೆಗಳು ಕಿರಣವನ್ನು ಸೂಸುವುದಿಲ್ಲ. ಕಳವಾದ ಒಡವೆಯು ರಸ್ತೆಯ ಪಕ್ಕದಲ್ಲಿ ಕಾದು ಬಿದ್ದಿರುವುದೂ ಇಲ್ಲ. ಅದಕ್ಕೆ ಧ್ವನಿಯೊಂದನ್ನು ಮನುಷ್ಯನೇ ಕೊಡಬೇಕು. ಈ ಯೋಚನೆಯನ್ನು ಮೋಟಾರು ಕಾರುಗಳ ವಿಷಯದಲ್ಲಿ ಕಾರ್ಯಕ್ಕೆ ತಂದುದು ಲೋಜ್ಯಾಕ್ ಎಂಬ ಏರ್ಪಾಡು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ೧೯೮೬ರಲ್ಲಿ ಇದು ಬಳಕೆಗೆ ಬಂದಿತು. ಕಾರಿನ ಗುಟ್ಟಾದ ಸ್ಥಳದಲ್ಲಿ ಒಂದು ಸಣ್ಣ ರೇಡಿಯೋ ಯಂತ್ರವನ್ನು ಅಡಗಿಸಿಡುವರು. ಕಾರು ಕಳವಾಯಿತೆಂದು ದೂರು ಬಂದೊಡನೆ ಆ ಯಂತ್ರವನ್ನು ದೂರದಿಂದಲೇ ಎಚ್ಚರಿಸುವರು, ಅದು ಕೂಗತೊಡಗುವುದು, ಪೋಲೀಸರ ವಾಹನಗಳಲ್ಲಿದ್ದ ಗ್ರಾಹಕಗಳು ಕೂಗು ಬಂದ ದಿಕ್ಕನ್ನು ತೋರಿಸುವುವು. ಲೋಪ್ತ್ರಕ್ಕೆ ಹೆಜ್ಜೆ ಬಂದುದು ಇಲ್ಲಿ.

ಈ ಏರ್ಪಾಡಿನ ಫಲವನ್ನು ಇಯಾನ್ ಏರ್ಸ್, ಸ್ಟೀವನ್ ಲೆವಿಟ್ ಎಂಬ ವಿದ್ವಾಂಸರು ಪರಿಶೀಲಿಸಿ ೧೯೯೮ರಲ್ಲಿ ಪ್ರಕಟಿಸಿದರು. ಯಾವ ಕಾರಿನಲ್ಲಿ ಯಂತ್ರವಿದೆಯೋ ಕಳ್ಳನಿಗೆ ತಿಳಿಯದು. ಆದುದರಿಂದ ಯಂತ್ರವನ್ನು ಕೊಳ್ಳದವರ ಕಾರುಗಳಿಗೂ ರಕ್ಷಣೆ ದೊರೆಯಿತೆಂಬುದು ಅವರು ಕಂಡುಕೊಂಡ ಮುಖ್ಯಾಂಶ. ಕೆಲವರು ಹಣಕೊಟ್ಟು ಇರಿಸಿಕೊಂಡ ಗುರುತಿನಿಂದ ಊರಿಗೆಲ್ಲ ಹಿತವಾಗುವುದು ಸಾಧ್ಯವೆಂದು ಹೀಗೆ ತಿಳಿದುಬಂದಿತು.

೪

ಮೊಬೈಲು ದೂರವಾಣಿಯು ಹರಡಿದ ಮೇಲೆ ರೂಪ, ಪದಗಳೆರಡೂ ಒಂದೇ ವಸ್ತುವಿನಲ್ಲಿ ನೆಲೆಗೊಂಡುವು. ಅದರ ರೂಪವೆಂದರೆ ಐಎಂಇಐ ಎಂಬ ಹದಿನೈದು ಅಂಕಿಗಳ ಸಂಖ್ಯೆ. ಮೊದಲ ಎಂಟು ಅಂಕಿಗಳು ಯಂತ್ರದ ಮಾದರಿಯನ್ನೂ ಮುಂದಿನ ಆರು ಅದರ ಕ್ರಮಸಂಖ್ಯೆಯನ್ನೂ ತಿಳಿಸುವುವು. ಕೊನೆಯದು ಲೆಕ್ಕದ ತಪ್ಪನ್ನು ಹಿಡಿಯಲು ಇಟ್ಟ ಅಂಕಿ. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗುವ ಯಂತ್ರಗಳು ಹೊರನೋಟಕ್ಕೆ ಒಂದೇ ಆಗಿರುವುದರಿಂದ, ಕೌಟಿಲ್ಯನು ಹೇಳಿದ ಹೋಲಿಕೆಯ ತೊಡಕಿಗೆ ಈ ಸಂಖ್ಯೆಯೇ ಪರಿಹಾರವೆಂದು ಭಾವಿಸಲಾಯಿತು.

ಭಾರತ ಸರ್ಕಾರವು ಕಳವಾದ ದೂರವಾಣಿಗಳ ಸಂಖ್ಯೆಗಳನ್ನು ಒಂದೆಡೆ ದಾಖಲುಮಾಡುವ ಸಿಇಐಆರ್ ಎಂಬ ಕೇಂದ್ರ ದಫ್ತರವನ್ನು ೨೦೧೯ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಲ್ಲಿ ಆರಂಭಿಸಿತು. ದೆಹಲಿ, ಮಹಾರಾಷ್ಟ್ರ, ಕರ್ನಾಟಕ ಮೊದಲಾದ ಪ್ರಾಂತಗಳಲ್ಲಿ ಪ್ರಯೋಗವು ನಡೆದ ಮೇಲೆ ೨೦೨೩ರ ಮೇ ತಿಂಗಳಿನಲ್ಲಿ ಅದು ದೇಶಕ್ಕೆಲ್ಲ ವಿಸ್ತರಿಸಿತು. ಪೋಲೀಸರಿಗೆ ದೂರು ಕೊಟ್ಟ ಒಡೆಯನು ಸಂಖ್ಯೆಯನ್ನು ದಾಖಲುಮಾಡಿದರೆ ಯಾವ ಸಂಸ್ಥೆಯ ಜಾಲದಲ್ಲಿಯೂ ಆ ಯಂತ್ರವು ನಡೆಯದು. ಯಾರಾದರೂ ಅದಕ್ಕೆ ಹೊಸ ಸಿಮ್ ಹಾಕಿದರೆ ಸುದ್ದಿಯು ಪೋಲೀಸರಿಗೆ ಮುಟ್ಟುವುದು. ವ್ಯಾಪಾರಿಗಳಿಗೆಲ್ಲ ರೂಪವನ್ನು ತಿಳಿಸಿ, ವಸ್ತುವು ಪೇಟೆಗೆ ಬಂದಾಗ ಹಿಡಿಯುವ ಅರ್ಥಶಾಸ್ತ್ರದ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಆದರೂ ಹೋಲಿಕೆಯ ತೊಡಕು ಪೂರ್ಣವಾಗಿ ತೊಲಗಲಿಲ್ಲ. ೨೦೨೦ರಲ್ಲಿ ಮೀರತ್ ನಗರದ ಪೋಲೀಸರು ತನಿಖೆ ಮಾಡಿದಾಗ ೧೩,೦೦೦ಕ್ಕೂ ಹೆಚ್ಚು ದೂರವಾಣಿಗಳು ಒಂದೇ ಐಎಂಇಐ ಸಂಖ್ಯೆಯಿಂದ ನಡೆಯುತ್ತಿದ್ದುದು ತಿಳಿದುಬಂದಿತು. ಸಂಖ್ಯೆಯನ್ನು ತಿದ್ದುವುದು ೨೦೧೭ರ ನಿಯಮಗಳಿಂದ ಅಪರಾಧವೆನಿಸಿತು. ೨೦೨೩ರ ದೂರಸಂಪರ್ಕ ಶಾಸನವು ಇದಕ್ಕೆ ಮೂರು ವರ್ಷಗಳವರೆಗಿನ ಸೆರೆಯನ್ನೂ ೫೦ ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸಿತು. ಗುರುತನ್ನು ಕೆತ್ತುವ ವಿದ್ಯೆಯು ಬೆಳೆದಂತೆಲ್ಲ ಅಳಿಸುವ ವಿದ್ಯೆಯೂ ಬೆಳೆಯುವುದು ಲೋಕರೂಢಿಯಷ್ಟೆ.

ಇನ್ನು ಪದದ ವಿಷಯ. ಅಮೆರಿಕದ ಸೇನೆಯು ಕಟ್ಟಿದ ಜಿಪಿಎಸ್ ಉಪಗ್ರಹಗಳಲ್ಲಿ ಮೊದಲನೆಯದು ೧೯೭೮ರಲ್ಲಿ ಆಕಾಶಕ್ಕೇರಿತು. ಏರ್ಪಾಡು ೧೯೯೫ರಲ್ಲಿ ಪೂರ್ಣವಾಯಿತು. ಸಾಮಾನ್ಯಜನರಿಗೆ ದೊರೆಯುವ ಸಂಜ್ಞೆಯಲ್ಲಿ ಬೇಕೆಂದೇ ಬೆರೆಸಿದ್ದ ತಪ್ಪನ್ನು ೨೦೦೦ದ ಮೇ ಮೊದಲಲ್ಲಿ ತೆಗೆದುಹಾಕಿದುದರಿಂದ ಸ್ಥಾನನಿರ್ಣಯವು ಬಹುಮಟ್ಟಿಗೆ ಸೂಕ್ಷ್ಮವಾಯಿತು. ನಾಲ್ಕು ಉಪಗ್ರಹಗಳಾದರೂ ಕಳುಹಿಸಿದ ಸಂಜ್ಞೆಗಳು ಬಂದು ಮುಟ್ಟಿದ ಕಾಲವನ್ನು ಅಳೆದು ಯಂತ್ರವು ತನ್ನ ಸ್ಥಾನವನ್ನು ಗಣಿಸುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಕಾಲದಲ್ಲಿ ಸಂಜ್ಞೆಯು ೩೦೦ ಮೀಟರು ಸಾಗುವುದರಿಂದ ಕಾಲದ ಅಣುಮಾತ್ರ ತಪ್ಪೂ ಬೀದಿಯಷ್ಟು ದೂರದ ತಪ್ಪಾಗುವುದು. ಛಾವಣಿಯ ಕೆಳಗೂ ಎತ್ತರದ ಕಟ್ಟಡಗಳ ನಡುವೆಯೂ ಸಂಜ್ಞೆಯು ಕುಗ್ಗುವುದು ಅಥವಾ ಗೋಡೆಗಳಿಗೆ ಬಡಿದು ಬಳಸಿ ಬರುವುದು. ಆಗ ಯಂತ್ರವು ಹತ್ತಿರದ ವೈಫೈ ಸಂಜ್ಞೆಗಳನ್ನೂ ದೂರವಾಣಿಯ ಗೋಪುರಗಳನ್ನೂ ಆಶ್ರಯಿಸಿ ಅಂದಾಜುಮಾಡುವುದು. ಆದುದರಿಂದ ಅದು ಕೊಡುವ ಉತ್ತರವು ಒಂದು ಚುಕ್ಕೆಯಲ್ಲ, ಒಂದು ವೃತ್ತ; ಯಂತ್ರವು ಆ ವೃತ್ತದೊಳಗೆ ಎಲ್ಲಿಯೋ ಇರುವುದು ಸಂಭವವೆಂದಷ್ಟೇ ಅದರ ಅರ್ಥ.

ಈ ಸಾಧನವನ್ನು ಒಡೆಯನ ಕೈಗೆ ಕೊಡುವ ಏರ್ಪಾಡನ್ನು ಆ್ಯಪಲ್ ಸಂಸ್ಥೆಯು ೨೦೦೯ರಲ್ಲಿಯೂ ಗೂಗಲ್ ಸಂಸ್ಥೆಯು ೨೦೧೩ರಲ್ಲಿಯೂ ತಂದುವು. ೨೦೧೩ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ದೂರವಾಣಿಗಳನ್ನು ಒಡೆಯನ ಅನುಮತಿಯಿಲ್ಲದೆ ಮತ್ತೊಬ್ಬನು ಬಳಸಲಾಗದಂತೆ ಬಂಧಿಸುವ ಉಪಾಯವನ್ನು ಸೇರಿಸಿತು. ಅದರ ಮುಂದಿನ ಒಂದು ವರ್ಷದಲ್ಲಿ ಆ ದೂರವಾಣಿಗಳ ಕಳವು ಲಂಡನ್ನಿನಲ್ಲಿ ಅರ್ಧಕ್ಕೂ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೂರಕ್ಕೆ ೪೦ರಷ್ಟೂ, ನ್ಯೂಯಾರ್ಕಿನಲ್ಲಿ ನೂರಕ್ಕೆ ೨೫ರಷ್ಟೂ ಇಳಿಯಿತೆಂದು ೨೦೧೫ರಲ್ಲಿ ಆ ನಗರಗಳ ಅಧಿಕಾರಿಗಳು ಪ್ರಕಟಿಸಿದರು. ಹುಡುಕಿ ತರುವುದಕ್ಕಿಂತ ಕದ್ದುದನ್ನು ನಿಷ್ಪ್ರಯೋಜಕವಾಗಿಸುವುದು ಹೆಚ್ಚು ಫಲಕಾರಿಯೆಂಬುದು ಇದರಿಂದ ತೋರುವುದು.

೨೦೧೯ರಲ್ಲಿ ಇನ್ನೊಂದು ಹೆಜ್ಜೆ ಮುಂದಾಯಿತು. ಜಾಲದ ಸಂಪರ್ಕವಿಲ್ಲದ ಯಂತ್ರವೂ ಸಮೀಪಕ್ಕೆ ಮಾತ್ರ ಕೇಳುವ ಕ್ಷೀಣವಾದ ರೇಡಿಯೋ ಸಂಜ್ಞೆಯನ್ನು ಬಿಡುತ್ತಿರುವಂತೆ ಮಾಡಿ, ದಾರಿಹೋಕರ ದೂರವಾಣಿಗಳು ಅದನ್ನು ಕೇಳಿ, ತಮ್ಮ ಸ್ಥಾನವನ್ನು ಗೂಢಲಿಪಿಯಲ್ಲಿ ಒಡೆಯನಿಗೆ ಒಯ್ಯುವಂತೆ ಆ್ಯಪಲ್ ಏರ್ಪಡಿಸಿತು. ಆ ಲಿಪಿಯನ್ನು ಬಿಡಿಸುವ ಕೀಲಿಯು ಒಡೆಯನೊಬ್ಬನಲ್ಲಿಯೇ ಇರುವುದು. ಸುದ್ದಿಯನ್ನು ಒಯ್ದವನಿಗೂ ಅದೇನೆಂದು ತಿಳಿಯದು. ಯಾಜ್ಞವಲ್ಕ್ಯನ ಕಾಲದ ಐದು ಗ್ರಾಮಗಳೂ ಹತ್ತು ಗ್ರಾಮಗಳೂ ದಂಡಕ್ಕಂಜಿ ಹೆಜ್ಜೆಯನ್ನು ಕಾಯುತ್ತಿದ್ದುವು. ಈ ಕಾಲದ ಪುರಜನರು ತಿಳಿಯದೆಯೇ ಕಾಯುತ್ತಿರುವರು. ೨೦೨೪ರಲ್ಲಿ ಗೂಗಲ್ ಸಂಸ್ಥೆಯು ತಂದ ಮತ್ತೊಂದು ಉಪಾಯದಲ್ಲಿ, ಕೈಯಲ್ಲಿದ್ದ ದೂರವಾಣಿಯನ್ನು ಯಾರಾದರೂ ಕಿತ್ತುಕೊಂಡು ಓಡಿದರೆ ಆ ಹಠಾತ್ತಾದ ಚಲನೆಯನ್ನು ಯಂತ್ರದ ಚಲನಸಂವೇದಕವು ಗುರುತಿಸಿ ಪರದೆಯನ್ನು ತಾನಾಗಿಯೇ ಮುಚ್ಚುವುದು. ಶಂಕೆ, ರೂಪ, ಕರ್ಮಗಳಲ್ಲಿ ಕೊನೆಯದಾದ ಕರ್ಮವನ್ನೂ ಹೀಗೆ ಲೋಪ್ತ್ರವೇ ಅರಿಯುವಂತಾಯಿತು.

೫

ಇಷ್ಟು ಸಾಧನಗಳು ಕೂಡಿಬಂದ ಮೇಲೆ ಕಳೆದುದೆಲ್ಲ ದೊರೆಯಬೇಕಾಗಿದ್ದಿತು. ಆದರೆ ಲೆಕ್ಕವು ಬೇರೊಂದನ್ನು ಹೇಳುತ್ತದೆ. ಸಿಇಐಆರ್ ದೇಶಕ್ಕೆಲ್ಲ ವಿಸ್ತರಿಸಿದ ೨೦೨೩ರ ಮೇ ತಿಂಗಳಿನಲ್ಲಿ ಸರ್ಕಾರವು ಪ್ರಕಟಿಸಿದಂತೆ, ಅದುವರೆಗೆ ಬಂಧಿಸಿದ ದೂರವಾಣಿಗಳು ಸುಮಾರು ೪ ಲಕ್ಷ ೭೦ ಸಾವಿರ. ಜಾಡು ಸಿಕ್ಕಿದುವು ಸುಮಾರು ೨ ಲಕ್ಷ ೪೦ ಸಾವಿರ. ಮರಳಿ ದೊರೆತುವು ಸುಮಾರು ೮ ಸಾವಿರ. ಜಾಡು ತಿಳಿದುವುಗಳಲ್ಲಿ ನೂರಕ್ಕೆ ನಾಲ್ಕರಷ್ಟೂ ಆಗ ಒಡೆಯರ ಕೈಸೇರಿರಲಿಲ್ಲ. ಜಾಡನ್ನು ಅರಿಯುವುದು ಯಂತ್ರದ ಕೆಲಸ. ಆ ಸ್ಥಳಕ್ಕೆ ಹೋಗಿ, ಕೇಳಿ, ಪರೀಕ್ಷಿಸಿ, ತರುವುದು ಮನುಷ್ಯನ ಕೆಲಸ. ಎರಡನೆಯದರ ಭಾರವು ಮೊದಲನೆಯದರಿಂದ ಹಗುರವಾಗಲಿಲ್ಲ. ಆಗದಿದ್ದರೆ ಬೊಕ್ಕಸದಿಂದ ತೆರಬೇಕೆಂಬ ಗೌತಮನ ವಿಧಿಯಾದರೋ ಇಂದಿನ ಶಾಸನಗಳಲ್ಲಿ ಕಾಣಬರುವುದಿಲ್ಲ.

ಇದಕ್ಕಿಂತಲೂ ಘನವಾದ ವಿಷಯವೆಂದರೆ ವೃತ್ತವನ್ನು ಚುಕ್ಕೆಯೆಂದು ಭ್ರಮಿಸುವುದು. ಅಮೆರಿಕದ ಅಟ್ಲಾಂಟಾ ನಗರದ ಸಮೀಪದಲ್ಲಿದ್ದ ಒಂದು ಮನೆಯ ಬಾಗಿಲಿಗೆ ೨೦೧೫ರಲ್ಲಿ ಪರಿಚಯವಿಲ್ಲದ ಜನರು ಮೇಲಿಂದ ಮೇಲೆ ಬಂದು ತಮ್ಮ ಕಳೆದ ದೂರವಾಣಿಗಳನ್ನು ಕೇಳಿದರು. ಎಲ್ಲರ ಯಂತ್ರಗಳೂ ಆ ಮನೆಯನ್ನೇ ತೋರಿಸುತ್ತಿದ್ದುವು; ಮನೆಯವರಲ್ಲಿ ಯಾವುದೂ ಇರಲಿಲ್ಲ. ೨೦೨೨ರ ಜನವರಿಯಲ್ಲಿ ಅದೇ ದೇಶದ ಡೆನ್ವರ್ ನಗರದಲ್ಲಿ ನಡೆದುದು ಇನ್ನೂ ಕಠೋರವಾದುದು. ಬಂದೂಕುಗಳೂ ಒಂದು ದೂರವಾಣಿಯೂ ಇದ್ದ ವಾಹನವು ಕಳವಾಗಿದ್ದಿತು. ದೂರವಾಣಿಯ ಸ್ಥಾನವೆಂದು ತೋರಿಬಂದ ವೃತ್ತದೊಳಗೆ ಹಲವು ಮನೆಗಳಿದ್ದರೂ ಪೋಲೀಸರು ಅವುಗಳಲ್ಲೊಂದನ್ನೇ ಆರಿಸಿಕೊಂಡು ಆಯುಧಪಾಣಿಗಳಾಗಿ ನುಗ್ಗಿದರು. ಆ ಮನೆಯಲ್ಲಿದ್ದವಳು ಒಬ್ಬಳೇ ವೃದ್ಧೆ. ಮನೆಯನ್ನೆಲ್ಲ ಒಡೆದು ಹುಡುಕಿದರೂ ಕಳವಿನ ಯಾವ ವಸ್ತುವೂ ದೊರೆಯಲಿಲ್ಲ. ೨೦೨೪ರಲ್ಲಿ ಪಂಚಾಯತರು ಆಕೆಗೆ ೩೭ ಲಕ್ಷ ೬೦ ಸಾವಿರ ಡಾಲರುಗಳ ಪರಿಹಾರವನ್ನು ವಿಧಿಸಿದರು.

ಮಾಂಡವ್ಯನ ಆಶ್ರಮದಲ್ಲಿ ಮಾಲಾದರೂ ಇದ್ದಿತು. ಇಲ್ಲಿ ಅದೂ ಇರಲಿಲ್ಲ. ಯಂತ್ರವು ಸುಳ್ಳು ಹೇಳಿತೆಂದು ದೂರುವಂತೆಯೂ ಇಲ್ಲ, ಏಕೆಂದರೆ ಅದು ವೃತ್ತವನ್ನು ವೃತ್ತವಾಗಿಯೇ ತೋರಿಸಿತು. ಊರನ್ನು ಹೊಕ್ಕ ಹೆಜ್ಜೆಗೆ ಊರನ್ನೇ ಹೊಣೆಮಾಡಿದ ಸ್ಮೃತಿಕಾರರು ಸ್ಥೂಲವಾದ ಗುರುತಿಗೆ ಸ್ಥೂಲವಾದ ಹೊಣೆಯನ್ನೇ ಹೊರಿಸಿದರು. ಡೆನ್ವರಿನಲ್ಲಿ ಸ್ಥೂಲವಾದ ಗುರುತಿನಿಂದ ಅತಿ ಸೂಕ್ಷ್ಮವಾದ ನಿರ್ಣಯವನ್ನು ತೆಗೆದರು. ದೋಷವಿರುವುದು ಅಳತೆಯಲ್ಲಲ್ಲ, ಅಳತೆಗೆ ಮೀರಿದ ತೀರ್ಮಾನದಲ್ಲಿ. ಬಲಗಡೆಯಲ್ಲಿಯೇ ಗುಂಡಿದೆಯೆಂದು ನಿಶ್ಚಯಿಸಿದ ವೈದ್ಯನ ದೋಷವೂ ಇದೇ ಜಾತಿಯದು.

ಇನ್ನೊಂದು ಭಯವು ಹೆಜ್ಜೆಯನ್ನು ಯಾರು ನೋಡುವರೆಂಬುದು. ಒಡವೆಯ ಜಾಡನ್ನು ತಿಳಿಸುವ ಯಂತ್ರವು ಅದನ್ನು ಹೊತ್ತು ನಡೆಯುವವನ ಜಾಡನ್ನೂ ತಿಳಿಸುವುದು ಅನಿವಾರ್ಯ. ೨೦೨೧ರಲ್ಲಿ ಬಳಕೆಗೆ ಬಂದ ನಾಣ್ಯದಾಕಾರದ ಗುರುತುಬಿಲ್ಲೆಗಳನ್ನು ಕೀಲಿಕೈ, ಚೀಲ ಮೊದಲಾದುವನ್ನು ಹುಡುಕಲೆಂದು ಮಾರಿದರು. ಕೆಲವರು ಅವನ್ನು ಹೆಂಗಸರ ಚೀಲಗಳಲ್ಲಿಯೂ ಕಾರುಗಳಲ್ಲಿಯೂ ಗುಟ್ಟಾಗಿಟ್ಟು ಬೆನ್ನಟ್ಟಲು ಬಳಸಿದರು. ೨೦೨೪ರ ಮೇ ತಿಂಗಳಿನಲ್ಲಿ ಆ್ಯಪಲ್, ಗೂಗಲ್ ಸಂಸ್ಥೆಗಳು ಕೂಡಿ, ಅಪರಿಚಿತವಾದ ಬಿಲ್ಲೆಯು ಜೊತೆಯಲ್ಲಿ ಸಾಗಿಬರುತ್ತಿದ್ದರೆ ಎಚ್ಚರಿಸುವ ಏರ್ಪಾಡನ್ನು ಎರಡೂ ಬಗೆಯ ದೂರವಾಣಿಗಳಲ್ಲಿ ಸೇರಿಸಿದುವು. ಆದರೆ ಬೆನ್ನಟ್ಟಲ್ಪಡುವವಳಿಗೆ ಎಚ್ಚರಿಕೆಯನ್ನು ಕೊಡುವ ಸಾಧನವು ಕದ್ದವನಿಗೂ ಎಚ್ಚರಿಕೆಯನ್ನು ಕೊಡುತ್ತದೆ. ಒಂದು ಕಡೆಯ ರಕ್ಷಣೆಯನ್ನು ಹೆಚ್ಚಿಸಿದರೆ ಮತ್ತೊಂದು ಕಡೆಯದು ಅಷ್ಟುಮಟ್ಟಿಗೆ ಕುಗ್ಗುವುದು. ಇಂಥಲ್ಲಿ ಒಡವೆಗಿಂತ ಮನುಷ್ಯನೇ ಹೆಚ್ಚೆಂದು ನಿರ್ಣಯವಾದುದು ಯುಕ್ತವೇ.

ಪ್ರಭುತ್ವಕ್ಕೂ ಇದೇ ವಿಚಾರವು ಅನ್ವಯಿಸುವುದು. ವ್ಯಕ್ತಿಯ ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಕಳವಾದ ದೂರವಾಣಿಗಳ ದಫ್ತರವನ್ನೊಳಗೊಂಡ ಸಂಚಾರ ಸಾಥಿ ಎಂಬ ಸರ್ಕಾರದ ಸಾಧನವನ್ನು ಹೊಸ ದೂರವಾಣಿಗಳಲ್ಲೆಲ್ಲ ಮುಂಚಿತವಾಗಿಯೇ ಸೇರಿಸಿರಬೇಕೆಂಬ ಆಜ್ಞೆಯು ೨೦೨೫ರ ಕೊನೆಯಲ್ಲಿ ಹೊರಟು, ಪ್ರಬಲವಾದ ಆಕ್ಷೇಪಣೆಗಳು ಬಂದ ಮೇಲೆ ಆ ಡಿಸೆಂಬರ್‌ನಲ್ಲಿಯೇ ಹಿಂತೆಗೆದುಕೊಳ್ಳಲ್ಪಟ್ಟಿತು. ಕಳ್ಳನನ್ನು ಹಿಡಿಯಲು ಇಟ್ಟ ಕಣ್ಣು ಕಳ್ಳನಲ್ಲದವನ ಮೇಲೆ ತಿರುಗಬಹುದೆಂಬ ಶಂಕೆಯೇ ಆ ಆಕ್ಷೇಪಣೆಗಳ ಹುರುಳು.

ಒಟ್ಟಿನಲ್ಲಿ ನೋಡಿದರೆ, ಹುಡುಕುವ ಸಾಧನಗಳು ಕಾಲಕಾಲಕ್ಕೆ ಸೂಕ್ಷ್ಮವಾಗುತ್ತ ಬಂದಿರುವುವು. ಕೆಸರಿನ ಮೇಲಣ ಹೆಜ್ಜೆಯಿಂದ ಉಪಗ್ರಹದ ಸಂಜ್ಞೆಯವರೆಗೆ ಈ ಪ್ರಗತಿಯು ನಿರ್ವಿವಾದವಾದುದು. ಇದರಿಂದ ಸಾವಿರಾರು ಜನರಿಗೆ ತಮ್ಮ ಒಡವೆಗಳು ಮರಳಿ ದೊರೆತಿರುವುದೂ ನಿಜವೇ. ಆದರೆ ಹೆಜ್ಜೆಗೂ ತೀರ್ಪಿಗೂ ನಡುವೆ ಇರಬೇಕಾದ ಪರೀಕ್ಷೆಯು ಯಂತ್ರದಿಂದ ನಡೆಯುವಂಥದಲ್ಲ. ಮಾಲಿನ ಬಳಿಯಿದ್ದವನು ಕಳ್ಳನಾಗಲೇಬೇಕೆಂದಿಲ್ಲವೆಂದು ಕೌಟಿಲ್ಯನೂ, ಲೋಪ್ತ್ರವನ್ನು ಯತ್ನಪೂರ್ವಕವಾಗಿ ಪರೀಕ್ಷಿಸಬೇಕೆಂದು ನಾರದನನ್ನು ಅನುಸರಿಸಿ ವಿಜ್ಞಾನೇಶ್ವರನೂ ಕೊಟ್ಟ ಎಚ್ಚರಿಕೆಯು ಹೆಜ್ಜೆಯು ಮಂಕಾಗಿದ್ದ ಕಾಲಕ್ಕೆ ಮಾತ್ರ ಸಲ್ಲುವುದಲ್ಲ. ಹೆಜ್ಜೆಯು ಸ್ಪಷ್ಟವಾಗಿ ಕಾಣುವಾಗಲೇ ಅದು ಹೆಚ್ಚಾಗಿ ಬೇಕು. ಮಂಕಾದ ಗುರುತನ್ನು ಯಾರೂ ಸುಲಭವಾಗಿ ನಂಬುವುದಿಲ್ಲ. ಬೆಳ್ಳಗೆ ಹೊಳೆಯುವ ಪರದೆಯ ಮೇಲೆ ಮೂಡಿದ ಗುರುತಿಗಾದರೋ ನಂಬಿಕೆಯು ತಾನಾಗಿ ಒದಗುವುದು. ಮಾಂಡವ್ಯನಿಗೆ ಶೂಲವು ಸಿದ್ಧವಾಗುವುದು ಅಂಥ ನಂಬಿಕೆಯಿಂದಲೇ.